ತೊಟ್ಟಿಲ ಬಳೆಯ ತೊಲೆ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ಕಟ್ಟಿದವನು ಯಾರೆಂದು ದಾಕ್ಷಾಯಣಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಮನೆ ಬಾಗಿಲಿಗೆ ಹೋಗಿ ಎರಡು ಮಾತು ಕೇಳಿ ಬರುತ್ತಿದ್ದಳು. ಅವಳ ಊರು ತಾಳ್ಯದಲ್ಲಿ ಆ ಗಾದೆ ಹೇಳದೆ ಅವಳ ಮುಂದೆ ಹಾದುಹೋದ ಮನುಷ್ಯನೇ ಇರಲಿಲ್ಲ. ನೀರಿಗೆ ಹೋದರೆ ಬಾವಿಕಟ್ಟೆಯ ಮೇಲೆ ಅದೇ ಮಾತು, ಮಠಕ್ಕೆ ಹೋದರೆ ಜಗಲಿಯ ಮೇಲೆ ಅದೇ ಮಾತು. ಮಗಳ ಮದುವೆಯನ್ನೇನೋ ಅವಳು ಒಂದು ಬೇಸಿಗೆಯಲ್ಲಿ ಮಾಡಿ ಮುಗಿಸಿದ್ದಳು. ಬೀಗರು ಉಂಡು, ಹೊಟ್ಟೆ ಸವರಿಕೊಂಡು ಹೋಗಿದ್ದರು. ಮನೆ ಮಾತ್ರ ಮೂರನೆಯ ವರ್ಷಕ್ಕೆ ಕಾಲಿಟ್ಟರೂ ನಾಲ್ಕು ಗೋಡೆಗಿಂತ ಮೇಲೆ ಏರಿರಲಿಲ್ಲ.

ಹೋದ ಮಳೆಗಾಲದಲ್ಲಿ ನಡುಮನೆ ಆಗಬೇಕಾದ ಜಾಗದಲ್ಲಿ ಹೀರೇಬಳ್ಳಿ ಎದ್ದು ಗೋಡೆ ಹತ್ತಿತ್ತು. ಅದರ ಕಾಯಿ ಕೊಯ್ದು ಪಲ್ಯ ಮಾಡಿ ಗಂಡನ ತಟ್ಟೆಗೆ ಬಡಿಸುವಾಗ "ತಗಳ್ರಿ, ನಡುಮನೆ ಪಲ್ಯ" ಎಂದು ಹೇಳಿಯೇ ಬಡಿಸಿದ್ದಳು. ಮುರುಗೇಶಪ್ಪ ಚಪ್ಪರಿಸಿಕೊಂಡು ಉಂಡು, ಮನೆ ಕಟ್ಟುವಾಗ ತರಕಾರಿಯ ಖರ್ಚು ಉಳಿಯಿತಲ್ಲ ಎಂದಿದ್ದ.

ಸಂಸಾರ ಹಿತ್ತಲ ಕೊಟ್ಟಿಗೆಯಲ್ಲಿ. ಒಂದು ಕಡೆ ಎತ್ತು, ನಡುವೆ ಜೋಳದ ದಂಟಿನ ತಡಿಕೆ, ಇನ್ನೊಂದು ಕಡೆ ಪೂಜೆ, ಒಲೆ, ಹಾಸಿಗೆ ಎಲ್ಲ. ಆರು ತಿಂಗಳ ಮಟ್ಟಿಗೆ ಎಂದು ಹೇಳಿ ಗಂಡ ಅವಳನ್ನು ಅಲ್ಲಿಗೆ ತಂದಿದ್ದ. ಈಗ ಆ ಆರು ತಿಂಗಳ ಮಾತೆತ್ತಿದರೆ ತಡಿಕೆಯ ಆಚೆಯ ಎತ್ತೂ ನಗುತ್ತಿತ್ತೋ ಏನೋ.

ಮುರುಗೇಶಪ್ಪ ಕೆಟ್ಟವನಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಕುಡಿಯುವವನಲ್ಲ, ಇಸ್ಪೀಟಿನವನಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಇವತ್ತು ಕೊಂಡ ವಸ್ತುವಿನ ಬೆಲೆ ನಾಳೆ ಇಳಿದುಬಿಟ್ಟರೆ ಏನು ಗತಿ ಎಂಬ ಭಯವೊಂದನ್ನು ಬಿಟ್ಟರೆ ಅವನಲ್ಲಿ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಆ ಒಂದು ದೋಷ ಹತ್ತು ದೋಷದ ಕೆಲಸ ಮಾಡುತ್ತಿತ್ತು.

ಇದೆಲ್ಲ ಶುರುವಾದದ್ದು ಹೊಳಲ್ಕೆರೆಯಲ್ಲಿ. ಪ್ಲೇಗು ಬಂದು ಹೋದ ಮೇಲೆ ಒಂದು ಸಲ ಕಂದಾಯ ಕಟ್ಟಲು ಹೋದ ಮುರುಗೇಶಪ್ಪ ಅಲ್ಲಿ ಯಾರೋ ಸಾಹುಕಾರರ ಮನೆಗೆ ಹೊಸದಾಗಿ ಹೊದಿಸಿದ ಮಂಗಳೂರು ಹೆಂಚು ನೋಡಿ ಬಂದ. ಸಮುದ್ರದ ಮೇಲೆ ಬಂದು, ಆಮೇಲೆ ರೈಲು ಹತ್ತಿ ಚಿಕ್ಕಜಾಜೂರಿನಲ್ಲಿ ಇಳಿದ ಹೆಂಚು! ಕೆಂಪಗೆ, ಸಾಲಾಗಿ, ಒಂದರ ಮೇಲೊಂದು ಹೊಂದಿಕೊಂಡು ಕೂತಿದ್ದವು. ಮನೆಗೆ ಬಂದವನು ತಲೆಯೆತ್ತಿ ತನ್ನ ಅಜ್ಜ ಕಟ್ಟಿದ ಮಾಳಿಗೆಯನ್ನು ನೋಡಿದ. ಕಂಬ, ಅದರ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಕರ್ಲು ಮಣ್ಣು. ಸುತ್ತ ಹತ್ತು ಊರಲ್ಲಿ ಇರುವಂಥದ್ದೇ ಮಾಳಿಗೆ. "ಎಷ್ಟು ದಿನ ಅಂತ ಮಣ್ಣಿನ ಕೆಳಗೆ ಬದುಕಾದು?" ಎಂದ. ಹದಿನೈದು ದಿನದೊಳಗೆ ಮನೆ ಕೆಡವಿಸಿದ. ಕೆಡವುವುದಕ್ಕೆ ಮಾತ್ರ ಅವನು ಬೆಲೆ ಇಳಿಯಲಿ ಎಂದು ಕಾಯಲಿಲ್ಲ.

ಹಳೆಯ ಮರ ಹೆಂಚಿನ ಮನೆಗೆ ಬರುವುದಿಲ್ಲ, ಬಿದ್ದಲ್ಲೇ ಗೆದ್ದಲು ಹತ್ತುತ್ತದೆ ಎಂದು ಕಂಬ, ತೊಲೆ, ಜಂತೆ ಎಲ್ಲವನ್ನೂ ಕುರುಬರ ಕರಿಸಿದ್ದಪ್ಪನಿಗೆ ಮಾರಿದ. ದಾಕ್ಷಾಯಣಮ್ಮ ಬೇರೆ ಯಾವುದಕ್ಕೂ ಅಡ್ಡ ಬರಲಿಲ್ಲ. ನಡುಮನೆಯ ತೊಲೆ ಒಂದನ್ನು ಇಟ್ಟುಕೊಳ್ಳಿ ಎಂದಳು. ಆ ತೊಲೆಗೆ ತೊಟ್ಟಿಲು ತೂಗುಹಾಕುವ ಎರಡು ಕಬ್ಬಿಣದ ಬಳೆಗಳಿದ್ದವು. ಮುರುಗೇಶಪ್ಪ ಅದರ ಕೆಳಗೇ ಬೆಳೆದವನು. ಮಗಳು ಅನ್ನಪೂರ್ಣ ಹುಟ್ಟಿದಾಗಲೂ ತೊಟ್ಟಿಲು ತೂಗಿದ್ದು ಅಲ್ಲೇ. ತೂಗಿದಾಗಲೆಲ್ಲ ಬಳೆ ಕಿರ್ರೋ ಎನ್ನುತ್ತಿತ್ತು. "ನಾಳೆ ಒಂದು ಹನಿ ಎಣ್ಣೆ ಬಿಡ್ತೀನಿ" ಎಂದು ಮುರುಗೇಶಪ್ಪ ಆಗ ಹೇಳಿದ್ದ. ಅನ್ನಪೂರ್ಣ ತೊಟ್ಟಿಲು ಬಿಟ್ಟಿಳಿದಳು, ಓಡಾಡಿದಳು, ಮದುವೆಯಾಗಿ ಹಿರಿಯೂರು ಸೀಮೆಯ ಹರಿಯಬ್ಬೆಗೆ ಹೋದಳು. ಆ ನಾಳೆ ಬಂದಿರಲಿಲ್ಲ.

"ತೊಲೆ ಬಿಟ್ಟು ಉಳಿದಿದ್ದು ಕೊಟ್ರೆ ಅವನು ತಗಳಲ್ಲ ಕಣೇ. ಒಟ್ಟಿಗೆ ಕೊಟ್ರೇ ವ್ಯಾಪಾರ" ಎಂದ ಮುರುಗೇಶಪ್ಪ. ತೊಲೆ ಗಾಡಿ ಹತ್ತಿ ಹೋಯಿತು.

ಮೊದಲ ವರ್ಷ ಗೋಡೆ ಎದ್ದಿತು. ಹೆಂಚು ತರಿಸಬೇಕು ಎನ್ನುವ ಹೊತ್ತಿಗೆ ದಾವಣಗೆರೆಯಲ್ಲಿ ಯಾರೋ, ಇನ್ನೊಂದು ಹೊಸ ಕಾರ್ಖಾನೆ ಏಳುತ್ತದಂತೆ, ಹೆಂಚಿನ ಬೆಲೆ ಬಿದ್ದುಹೋಗುತ್ತದಂತೆ ಎಂದರು. ಮುರುಗೇಶಪ್ಪ ಕಾದ. ಕಾಯುತ್ತಿರುವಾಗ ಮಳೆ ಬಂತು. ತಲೆಯ ಮೇಲೆ ಏನೂ ಇಲ್ಲದ ಮಣ್ಣಿನ ಗೋಡೆಗೆ ಮಳೆಯಲ್ಲಿ ಏನಾಗಬೇಕೋ ಅದೇ ಆಯಿತು. ಮೇಲಿನ ವರಸೆಗಳು ಕರಗಿ ಅಂಗಳಕ್ಕೆ ಇಳಿದವು. ಅವನ್ನು ಮತ್ತೆ ಏರಿಸಲು ಕೊಟ್ಟ ಕೂಲಿಯಲ್ಲಿ ಆಗಿನ ಬೆಲೆಗೇ ಅರ್ಧ ಮನೆಯ ಹೆಂಚು ಬರುತ್ತಿತ್ತು. ಹಾಗೆಂದು ದಾಕ್ಷಾಯಣಮ್ಮ ತೋರಿಸಿಕೊಟ್ಟರೆ "ಅದು ಬೇರೆ ಲೆಕ್ಕ" ಎಂದ.

ಎರಡನೆಯ ವರ್ಷ ಮರದ ಗೋಳು. ಹೆಂಚು ಬರದೆ ಅದನ್ನು ಹೊರುವ ತೀರಿನ ಮರ, ರೀಪಿನ ಪಟ್ಟಿ ತಂದಿಟ್ಟರೆ ಬಿಸಿಲಿಗೆ ಸೊಟ್ಟಗಾಗುತ್ತವೆ, ಆದ್ದರಿಂದ ಹೆಂಚು ಬರಲಿ. ತೀರು ಏರಿಸದೆ ಹೆಂಚು ತಂದಿಟ್ಟರೆ ಅಂಗಳದಲ್ಲಿ ಒಡೆಯುತ್ತದೆ, ಆದ್ದರಿಂದ ತೀರು ಏರಲಿ. ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು ಎಂದ ಹಾಗೆ ಒಂದು ವರ್ಷ ಹೋಯಿತು. ಅಷ್ಟರಲ್ಲಿ ಶಿವಮೊಗ್ಗೆ ಕಡೆಯ ಮರದ ಬೆಲೆ ಏರಿತು. ಅದೂ ಬೇರೆ ಲೆಕ್ಕ.

ಮೇಸ್ತ್ರಿ ಚಿಕ್ಕತಿಮ್ಮಪ್ಪನದು ಇನ್ನೊಂದು ಕಥೆ. ಸೋಮವಾರ ಬಸವಣ್ಣನ ದಿನ, ಊರಲ್ಲಿ ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತು ಹೊರಡದಿದ್ದರೆ ಮಣ್ಣಿಲ್ಲ, ಮಣ್ಣಿಲ್ಲದಿದ್ದರೆ ಮೇಸ್ತ್ರಿಗೆ ಕೆಲಸವಿಲ್ಲ. ಶನಿವಾರ ಮೇಸ್ತ್ರಿಯ ಮನೆದೇವರು ತಿಮ್ಮಪ್ಪನದು, ಅವನು ಕರಣೆ ಮುಟ್ಟುವುದಿಲ್ಲ. ಸಂತೆಯ ದಿನ ಆಳುಗಳು ಸಂತೆಗೆ. ಅಮಾವಾಸ್ಯೆಗೆ ಎಲ್ಲರೂ ಮನೆಯಲ್ಲಿ. ಉಳಿದ ದಿನ ಎಲ್ಲರೂ ಸರಿಯಾಗಿ ಬಂದು ನಿಲ್ಲುತ್ತಿದ್ದರು, ಆದರೆ ಆ ದಿನಗಳಲ್ಲಿ ಮುರುಗೇಶಪ್ಪ ಹೆಂಚಿನ ಬೆಲೆ ವಿಚಾರಿಸಲು ಊರು ಬಿಟ್ಟಿರುತ್ತಿದ್ದ.

ಇತ್ತ ಕರಿಸಿದ್ದಪ್ಪ ಕೊಂಡ ಮರವನ್ನು ಎರಡು ವರ್ಷ ತನ್ನ ಕುರಿರೊಪ್ಪದ ಪಕ್ಕ ಒಟ್ಟಿಟ್ಟಿದ್ದ. ಹೋದ ದೀಪಾವಳಿ ಕಳೆದ ಮೇಲೆ ಮನೆ ಶುರು ಮಾಡಿದ. ನೆಂಟರು, ಒಡಹುಟ್ಟಿದವರು ಬಂದು ಗೋಡೆಗೆ ಕೈಹಾಕಿದರು. ಸಂಕ್ರಾಂತಿಯ ಹೊತ್ತಿಗೆ ಮಾಳಿಗೆಗೆ ಮಣ್ಣು ಬಿದ್ದಿತ್ತು. ಆಮೇಲೆ ಅವನು ಕುರಿ ಹೊಡೆದುಕೊಂಡು ಮಲೆಸೀಮೆಯ ಗದ್ದೆ ಬಯಲಿಗೆ ಹೊರಟುಹೋದ. ಮುಂಗಾರು ಹಿಡಿದಾಗ ಬರುತ್ತೇನೆ, ಬಂದ ಮೇಲೆ ಹೊಸ ಮನೆಗೆ ಒಕ್ಕಲಾಗೋಣ ಎಂದು ಹೆಂಡತಿ ಓಬಕ್ಕನಿಗೆ ಹೇಳಿ ಹೋದ. ಅವಳು ರೊಪ್ಪದ ಬದಿಯ ಗುಡಿಸಲಿನಲ್ಲೇ ಇದ್ದುಕೊಂಡು ಹೊಸ ಮನೆಯ ನೆಲ ಸಾರಿಸುತ್ತಿದ್ದಳು. ತನ್ನ ನಡುಮನೆಯ ಕಂಬಗಳು ಇನ್ನೊಬ್ಬರ ನಡುಮನೆಯಲ್ಲಿ ನೆಟ್ಟಗೆ ನಿಂತಿದ್ದನ್ನು ನೋಡಲಾರದೆ ದಾಕ್ಷಾಯಣಮ್ಮ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟಳು. ಅದು ಹೊಟ್ಟೆಕಿಚ್ಚು ಎಂದು ಅವಳಿಗೂ ಗೊತ್ತಿತ್ತು.

ಅದೇ ಮಾಘದಲ್ಲಿ ಹರಿಯಬ್ಬೆಯಿಂದ ಸುದ್ದಿ ಬಂತು. ಬಸುರಿ ಅನ್ನಪೂರ್ಣಳಿಗೆ ಏಳನೆಯ ತಿಂಗಳು ಬಿದ್ದಿದೆ, ಕುಬುಸದ ಶಾಸ್ತ್ರಕ್ಕೆ ಬನ್ನಿ.

ಕುಬುಸಕ್ಕೆ ಹೋದ ದಾಕ್ಷಾಯಣಮ್ಮ ಹಸಿರು ಸೀರೆ, ಬಳೆ, ಬುತ್ತಿ ಎಲ್ಲ ಒಪ್ಪವಾಗಿ ಒಯ್ದಿದ್ದಳು. ಶಾಸ್ತ್ರ ಮುಗಿದು ಹೆಂಗಸರು ಎಲೆಯಡಿಕೆಗೆ ಕೂತಾಗ ಬೀಗಿತಿ ಕೊಟ್ರಮ್ಮ ಎಲ್ಲರಿಗೂ ಕೇಳುವಂತೆ ಮಾತು ತೆಗೆದಳು.

"ಚೊಚ್ಚಲು ತವರಾಗೇ ಆಗ್ಲಿ, ಬ್ಯಾಡ ಅನ್ನಾಕೆ ನಾವ್ಯಾರು? ಆದ್ರೆ ತವರುಮನೆ ಅಂದ್ಮ್ಯಾಲೆ ಮನೆ ಅಂತ ಒಂದು ಇರ್ಬೇಕಲ್ಲ ಬೀಗಿತೇರೆ. ಎತ್ತಿನ ಮಗ್ಗುಲಾಗೆ ಹೆರಾಕೆ ನಮ್ಮ ಸೊಸೇನ ಕಳಿಸಲ್ಲ ನೋಡ್ರಿ."

ಕೂತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ದಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯಲು ಕಾರಣ, ಕೊಟ್ರಮ್ಮ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. "ಒಂಬತ್ತು ತುಂಬೋದ್ರಾಗೆ ಮನೆ ಆಗ್ತೈತೆ. ನನ್ನ ಮಗಳನ್ನ ಸೂರಿನ ಕೆಳಗೇ ಮಲಗಿಸ್ತೀನಿ" ಎಂದು ಹೇಳಿ ಎದ್ದಳು.

ಹೊರಡುವಾಗ ಅನ್ನಪೂರ್ಣ ಬಚ್ಚಲ ಸಂದಿಯಲ್ಲಿ ಅವಳ ಕೈ ಹಿಡಿದುಕೊಂಡಳು. "ಅವ್ವ, ನಂಗೆ ಇಲ್ಲಿ ಹೆರಾಕೆ ಭಯ ಆಗ್ತೈತೆ. ಹೆಂಗಾದ್ರೂ ಮಾಡಿ ಕರ್ಕಂಡ್ ಹೋಗು. ನೀನು ಇರ್ಬೇಕು" ಎಂದಳು. ದಾಕ್ಷಾಯಣಮ್ಮನಿಗೆ ಹರಿಯಬ್ಬೆಯಿಂದ ತಾಳ್ಯದ ತನಕ ಆ ಕೈಯ ಬಿಸಿ ಹೋಗಲಿಲ್ಲ.

ಬಂದವಳೇ ಗಂಡನ ಮುಂದೆ ಕೂತಳು. "ನೋಡ್ರಿ, ಅವಳ ಹೊಟ್ಟೇಲಿ ಇರಾದು ನಿಮ್ಮ ಮೇಸ್ತ್ರಿ ಅಲ್ಲ. ಸೋಮವಾರ, ಅಮಾಸೆ, ಸಂತೆ ಅಂತ ಕುಂತ್ಕಳಲ್ಲ. ದಿನ ತುಂಬಿದ್ರೆ ಬಂದೇ ಬರ್ತೈತೆ. ನೀವೂ ಅದೂ ಒಟ್ಟಿಗೆ ಹೊರಟೀರಿ, ಯಾರು ಮುಂದೆ ಮುಟ್ಟತೀರೋ ನೋಡಾಣ."

ಮುರುಗೇಶಪ್ಪ ಮಗಳ ವಿಷಯದಲ್ಲಿ ಮೆದು. ಕಣ್ಣೊರೆಸಿಕೊಂಡು ಎದ್ದವನು ನಿಜಕ್ಕೂ ಓಡಾಡಿದ. ಏರಿದ ಬೆಲೆಗೇ ಮರ ಬಂತು. ಯುಗಾದಿ ಕಳೆದು ತೀರು ಏರಿತು, ರೀಪು ಹೊಡೆದಾಯಿತು. ಹೆಂಚು ರೈಲು ಹತ್ತಿದೆ ಎಂಬ ಸುದ್ದಿಯೂ ಬಂತು. "ಅಲ್ಲೀ ತನಕ ಮೇಲೆ ಹುಲ್ಲಾದರೂ ಹೊದಿಸಾಣ" ಎಂದ ಮೇಸ್ತ್ರಿ. ಆ ಒಂದು ಸಲ ದಾಕ್ಷಾಯಣಮ್ಮನೂ ಮೇಸ್ತ್ರಿಯೂ ಒಂದೇ ಮಾತು ಆಡಿದ್ದರು. ಮುರುಗೇಶಪ್ಪ ಒಪ್ಪಲಿಲ್ಲ. "ಇವತ್ತೋ ನಾಳೆಯೋ ಹೆಂಚು ಬರ್ತೈತೆ. ಕಿತ್ತು ಬಿಸಾಕೋ ಹುಲ್ಲಿಗೆ ಯಾಕೆ ದುಡ್ಡು ಸುರೀಬೇಕು?"

ಅಷ್ಟಕ್ಕೆ ನಿಲ್ಲಲಿಲ್ಲ. ಗೂಡ್ಸಿನಿಂದ ಇಳಿದ ಮಾಲನ್ನು ಆಗಿಂದಾಗಲೇ ಸಾಗಿಸದಿದ್ದರೆ ರೈಲಿನವರು ತಡವಾದ ಪ್ರತಿದಿನಕ್ಕೂ ದಂಡ ಹಾಕುತ್ತಾರೆಂದು ಯಾರೋ ಅವನ ಕಿವಿಗೆ ಹಾಕಿದರು. ತಡವಾದರೆ ದಂಡ! ಮುರುಗೇಶಪ್ಪನಿಗೆ ನಿದ್ದೆ ಹಾರಿಹೋಯಿತು. ಬಾಡಿಗೆಗೆ ನಾಲ್ಕಾರು ಗಾಡಿ ಹಿಡಿದುಕೊಂಡು ಚಿಕ್ಕಜಾಜೂರಿಗೆ ಹೋಗಿ ಸ್ಟೇಷನ್ನಿನ ಹುಣಸೆಮರದ ಕೆಳಗೆ ಬಿಡಾರ ಹೂಡಿದ. ಹೆಂಚು ಬರಲಿಲ್ಲ. ಗಾಡಿಗಳು ನಿಂತವು, ಎತ್ತುಗಳು ಮೇವು ತಿಂದವು, ಗಾಡಿಯವರು ಅವನ ಖರ್ಚಿನಲ್ಲಿ ಉಂಡು ಮಲಗಿದರು. ಇನ್ನೂ ಬೀಳದ ದಂಡ ಉಳಿಸಲು ಅವನು ದಿನವೂ ದಂಡ ತೆರುತ್ತ ಕೂತ. ಈ ಸಂಗತಿ ಕೇಳಿದ ದಿನ ದಾಕ್ಷಾಯಣಮ್ಮ ಕೊಟ್ಟಿಗೆಯ ಕಂಬಕ್ಕೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೂತವನು ಸುಮ್ಮನೆ ಕೂತಿದ್ದರೂ ಆಗುತ್ತಿತ್ತು. ಸ್ಟೇಷನ್ನಿನಲ್ಲಿ ರೈಲಿಳಿದ ಹರಿಯಬ್ಬೆಯ ಒಬ್ಬರು ಮನೆ ಎಲ್ಲಿಗೆ ಬಂತು ಎಂದು ಕೇಳಿದರು. ಬೀಗರ ಊರಿನವರ ಮುಂದೆ ಮುರುಗೇಶಪ್ಪನ ಎದೆ ಉಬ್ಬಿತು. "ಮನೆ ಆಯ್ತು ಅನ್ರಿ. ನೀವು ಊರು ಮುಟ್ಟೋದ್ರಾಗೆ ಹೆಂಚು ಹೊದಿಸಿರ್ತೀವಿ" ಎಂದ. ಅವರು ಊರಿಗೆ ಹೋಗಿ ಅದನ್ನೇ ಹೇಳಿದರು. ಎಂಟರಲ್ಲಿ ಬಸುರಿಯನ್ನು ಊರು ದಾಟಿಸಬಾರದು ಎಂದು ಕಾದಿದ್ದ ಕೊಟ್ರಮ್ಮ, ಒಂಬತ್ತಕ್ಕೆ ಬಿದ್ದೊಡನೆ ಸೊಸೆಯನ್ನು ಕಮಾನುಗಾಡಿ ಹತ್ತಿಸಿ ಕಳಿಸಿದಳು.

ಗಾಡಿ ಬಂದು ನಿಂತಾಗ ದಾಕ್ಷಾಯಣಮ್ಮ ಅಂಗಳದಲ್ಲಿ ಸೆಗಣಿ ತಟ್ಟುತ್ತಿದ್ದಳು. ಅನ್ನಪೂರ್ಣ ಸೊಂಟಕ್ಕೆ ಕೈಕೊಟ್ಟು ಇಳಿದು, ಬಾಗಿಲಿಲ್ಲದ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ರೀಪುಗಳ ಸಂದಿಯಿಂದ ಬಿಸಿಲು ಪಟ್ಟೆಪಟ್ಟೆಯಾಗಿ ಅವಳ ಮೇಲೆ ಬಿದ್ದಿತ್ತು.

"ಎಲ್ಲವ್ವ ಮನೆ? ಆಯ್ತು ಅಂತ ಅಪ್ಪ ಹೇಳಿ ಕಳಿಸಿದ್ನಂತೆ."

ದಾಕ್ಷಾಯಣಮ್ಮನಿಗೆ ಆ ಕ್ಷಣ ಚಿಕ್ಕಜಾಜೂರು ಕೈಗೆಟುಕುವಷ್ಟು ಹತ್ತಿರವಿದ್ದಿದ್ದರೆ ಏನಾಗುತ್ತಿತ್ತೋ ಶಿವನೇ ಬಲ್ಲ. "ಆಗ್ತೈತೆ ಬಾ ಮಗಳೇ" ಎಂದು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ತವರಿಗೆ ಬಂದ ಬಸುರಿ ಹೆರದೆ ಹಿಂದಿರುಗುವಂತಿರಲಿಲ್ಲ. ಗಾಡಿಯವನು ಬಾಯಿ ಬಿಟ್ಟುಕೊಂಡು ಸೂರನ್ನೇ ನೋಡುತ್ತಿದ್ದ, ಅವನು ಊರಿಗೆ ಹೋಗಿ ಏನು ಹೇಳುತ್ತಾನೆಂದು ಅವಳಿಗೆ ಕಾಣುತ್ತಲೇ ಇತ್ತು.

ಮೂರು ದಿನಕ್ಕೆ ಬೇಸಿಗೆಯ ಅಡ್ಡಮಳೆ ಹೊಡೆಯಿತು. ಮಧ್ಯಾಹ್ನ ಮೋಡ ಕಟ್ಟಿ, ಗಾಳಿ ಎದ್ದು, ಕೊಟ್ಟಿಗೆಯ ಹಳೆಯ ಹುಲ್ಲನ್ನು ಒಂದು ಕಡೆಯಿಂದ ಎತ್ತಿ ಹಾರಿಸಿತು. ಹಾಸಿಗೆ ನೆನೆಯಿತು, ಒಲೆ ನೆನೆಯಿತು, ಎತ್ತಿನ ಗಂಜಲ ತಡಿಕೆ ದಾಟಿ ಈಚೆಗೆ ಹರಿಯಿತು. ಅನ್ನಪೂರ್ಣ ಇದ್ದಕ್ಕಿದ್ದಂತೆ ಗೋಡೆ ಹಿಡಿದುಕೊಂಡು "ಅವ್ವಾ" ಎಂದಳು. ಅದು ಎಂಥ ಕೂಗು ಎಂದು ಹೆತ್ತವಳಿಗೆ ಹೇಳಿಕೊಡಬೇಕಾಗಿರಲಿಲ್ಲ.

ಮಳೆಗೆ ಸಿಕ್ಕಿ ಅಂಗಳದ ಹೊಂಗೆಯ ಕೆಳಗೆ ನಿಂತಿದ್ದ ಚಿಕ್ಕತಿಮ್ಮಪ್ಪನನ್ನು ಕೂಗಿ, ಒಂದು ಗಾಡಿ ಹುಲ್ಲು ತಂದು ಒಂದು ಮೂಲೆಗಾದರೂ ಹೊದಿಸು ಎಂದಳು. ಮೇಸ್ತ್ರಿ ತಲೆ ಕೆರೆದುಕೊಂಡ.

"ಹೊದಿಸಬೌದು ತಾಯೀ. ಆದ್ರೆ ಇವತ್ತು ಸೋಮವಾರ. ಗಾಡಿ ಕಟ್ಟೋರು ಯಾರು?"

ಅವನ ತಪ್ಪೇನೂ ಇರಲಿಲ್ಲ. ಸೋಮವಾರ ಎತ್ತು ಹೂಡಲು ದಾಕ್ಷಾಯಣಮ್ಮನೂ ಒಪ್ಪುತ್ತಿರಲಿಲ್ಲ. ಬೈಯಲು ಎದುರಿಗೆ ಒಬ್ಬನೂ ಸಿಗದ ಸಿಟ್ಟು ಅಳುವಾಗಿ ಬಂತು. ಸೂಲಗಿತ್ತಿ ಹುಚ್ಚಕ್ಕನಿಗೆ ಹೇಳಿ ಕಳಿಸಿ, ಮಗಳನ್ನು ನೆರೆಯವಳ ಕೈಗೆ ಒಪ್ಪಿಸಿ, ತಲೆಗೆ ಗೋಣಿ ಹೊದ್ದುಕೊಂಡು ಮಳೆಯಲ್ಲೇ ಹೊರಟಳು. ಊರಲ್ಲಿ ಎಲ್ಲ ಮನೆಗಳೂ ಜನ ತುಂಬಿದವೇ. ಖಾಲಿ ಇದ್ದ ಗಟ್ಟಿ ಮನೆ ಒಂದೇ ಒಂದು, ಮತ್ತು ಅದು ಇದ್ದದ್ದು ಅವಳು ಬಿಟ್ಟಿದ್ದ ಬೀದಿಯಲ್ಲಿ.

ಓಬಕ್ಕ ಗುಡಿಸಲ ಬಾಗಿಲಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದಳು. "ಅಯ್ಯೋ, ಒಳಗೆ ಬರ್ರಿ ಅಮ್ಮಾರೆ, ಪೂರಾ ನೆಂದೀರಿ" ಎಂದು ಎದ್ದಳು.

"ಓಬಕ್ಕ, ಕೇಳಬಾರದ್ದು ಕೇಳಾಕೆ ಬಂದೀನಿ ಕಣೇ. ನನ್ನ ಮಗಳಿಗೆ ನೋವು ಬಂದೈತೆ. ನಿನ್ನ ಮನೆ ಇನ್ನೂ ಒಕ್ಕಲಾಗಿಲ್ಲ, ಹಾಲುಕ್ಕಿಸಿಲ್ಲ, ಗಂಡ ಊರಾಗಿಲ್ಲ. ಅಂಥಾ ಮನೇಲಿ ಇನ್ನೊಬ್ಬರ ಮಗಳು ಹೆರಾದು ಅಂದ್ರೆ…"

ಓಬಕ್ಕ ಕೈಯ ಉಣ್ಣೆ ಕೆಳಗಿಟ್ಟು ಹೊಸ ಮನೆಯ ಕಡೆ ನೋಡಿದಳು. ಮೊದಲ ದೀಪ ತಾನೇ ಹಚ್ಚಬೇಕೆಂದು ಎಷ್ಟು ದಿನ ಕಾದಿದ್ದಳೋ. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

"ಅಮ್ಮಾರೆ, ಒಕ್ಕಲಾಗೋ ದಿನ ಮನೆ ಒಳಗೆ ಮೊದ್ಲು ಯಾರ್ನ ಬಿಡ್ತೀವಿ? ಹಸ-ಕರ ಬಿಡ್ತೀವಿ. ತಾಯಿ ಮಗ ಒಟ್ಟಿಗೆ ಹೊಸ್ತಿಲು ದಾಟ್ಲಿ ಅಂತ ತಾನೆ? ನಿಮ್ಮ ಮಗಳು ಹಂಗೇ ದಾಟ್ಲಿ. ನಮ್ಮೋನು ಬಂದು ಏನಾರ ಅಂದ್ರೆ ನಾನು ನೋಡ್ಕಂತೀನಿ. ಒಲೇನೂ ಹೊಸದು, ಇನ್ನೂ ಬೆಂಕಿ ಕಂಡಿಲ್ಲ. ನಿಮ್ಮ ನೀರು ನೀವೇ ಕಾಯಿಸ್ಕಳ್ರಿ, ನಿಮ್ಮ ಅಡುಗೆ ನೀವೇ ಮಾಡ್ಕಳ್ರಿ. ಎದ್ದೇಳ್ರಿ, ಹೋಗಾಣ."

ಇಬ್ಬರೂ ಅನ್ನಪೂರ್ಣಳನ್ನು ಎರಡು ಕಡೆ ಹಿಡಿದುಕೊಂಡು ಕಂಬಳಿ ಮರೆಯಲ್ಲಿ ನಡೆಸಿ ತಂದರು. ಹೊರಗೆ ಮಳೆ ಧೋ ಎಂದು ಸುರಿಯುತ್ತಿತ್ತು, ಒಳಗೆ ಒಂದು ಹನಿ ಇಲ್ಲ. ಹೊಸ ಮಣ್ಣಿನ ವಾಸನೆ, ಬೆಚ್ಚಗೆ. ಹುಚ್ಚಕ್ಕ ಬಂದು ಎಲ್ಲರನ್ನೂ ಗದರಿಸಿ ಕೆಲಸಕ್ಕೆ ಹಚ್ಚಿದಳು. ನೋವಿನ ನಡುವೆ ಒಂದು ಸಲ ಅಂಗಾತ ಮಲಗಿದ್ದ ಅನ್ನಪೂರ್ಣ ಮೇಲೆ ನೋಡಿ ತಾಯಿಯ ಮೊಣಕೈ ಹಿಡಿದಳು.

"ಅವ್ವ, ನಮ್ಮ ತೊಲೆ."

ದಾಕ್ಷಾಯಣಮ್ಮ ತಲೆಯೆತ್ತಿದಳು. ಎರಡು ಬಳೆಗಳೂ ಹಾಗೇ ಇದ್ದವು. ಕರಿಸಿದ್ದಪ್ಪ ಅವನ್ನು ಕೀಳಿಸಿರಲಿಲ್ಲ, ಬಳೆ ಕೆಳಮುಖವಾಗಿ ಬರುವಂತೆಯೇ ತೊಲೆಯನ್ನು ಕೂರಿಸಿದ್ದ. ಈ ಮರ ನೋಡಲಾರೆ ಎಂದು ಬೀದಿ ಬಿಟ್ಟು ಸುತ್ತಿ ನಡೆದವಳಿಗೆ ಈಗ ಅದನ್ನು ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ. ಇದೇ ತೊಲೆ ನೋಡುತ್ತ ಅವಳೂ ಹಲ್ಲು ಕಚ್ಚಿದ್ದಳು. "ಹೂಂ ಮಗಳೇ, ನಮ್ದೇ. ಅದನ್ನೇ ನೋಡ್ತಾ ಇರು" ಎಂದಳು. ಮಳೆ ನಿಂತು ಹೊತ್ತು ಮುಳುಗುವ ಮೊದಲೇ ಹೆಣ್ಣು ಕೂಸು ಹುಟ್ಟಿತು.

ತೊಟ್ಟಿಲಿಗೆ ಹಾಕುವ ದಿನ ಹರಿಯಬ್ಬೆಯಿಂದ ಕೊಟ್ರಮ್ಮ ಬಂದಳು. ಗಾಡಿಯವನ ಬಾಯಲ್ಲಿ ಎಲ್ಲ ಕೇಳಿಕೊಂಡು, ಹೇಳಬೇಕಾದ ಮಾತನ್ನೆಲ್ಲ ದಾರಿಯುದ್ದಕ್ಕೂ ಮಸೆದುಕೊಂಡೇ ಬಂದಿದ್ದಳು. ಕೂಸಿನ ಮುಖ ನೋಡಿದಳು, ಸೊಸೆಯ ತಲೆ ಮುಟ್ಟಿದಳು, ಆಮೇಲೆ ಸುತ್ತ ನೋಡಿ ಕೇಳಿದಳು.

"ಇದು ಯಾರ ಮನೆ ಬೀಗಿತೇರೆ?"

ದಾಕ್ಷಾಯಣಮ್ಮನಿಗಿಂತ ಮೊದಲೇ ಬಾಗಿಲಲ್ಲಿದ್ದ ಓಬಕ್ಕ ಹೇಳಿದಳು. "ಮರ ಅವ್ರದು, ಮಣ್ಣು ನಮ್ದು ಅಮ್ಮಾರೆ. ಕೂಸು ಹುಟ್ಟಿದ್ದು ಅವ್ರ ತೊಲೆ ಕೆಳಗೇನೇ."

ಕೊಟ್ರಮ್ಮ ತೊಲೆ ನೋಡಿದಳು, ಗಟ್ಟಿ ಗೋಡೆ ನೋಡಿದಳು. ಮಸೆದ ಮಾತು ಯಾವುದೂ ಕೆಲಸಕ್ಕೆ ಬರುವಂತೆ ಕಾಣಲಿಲ್ಲ. "ತಂಪಾಗೈತೆ" ಎಂದು ಗೋಡೆಗೆ ಒರಗಿ ಕೂತಳು.

ಆ ಹೊತ್ತಿಗೆ ಹೊರಗೆ ಗಾಡಿಗಳ ಸದ್ದಾಯಿತು. ಮುರುಗೇಶಪ್ಪ! ಮಳೆ ಬಿದ್ದದ್ದೇ ತಡ, ಹಿಡಿದಿಟ್ಟುಕೊಂಡಿದ್ದ ಗಾಡಿಯವರು ಹೊಲ ಹರಗಬೇಕು ಎಂದು ಬಿಟ್ಟುಹೋಗಿದ್ದರು. ಅವರು ಹೋದ ಮಾರನೆಯ ದಿನವೇ ಅರ್ಧ ಹೆಂಚು ಇಳಿಯಿತು. ದಂಡ ಕಟ್ಟಿದ್ದ, ದುಬಾರಿ ಬಾಡಿಗೆಗೆ ಬೇರೆ ಗಾಡಿ ಹಿಡಿದಿದ್ದ. ತಂದದ್ದರಲ್ಲಿ ಬಹಳಷ್ಟು ದಾರಿಯಲ್ಲಿ ಒಡೆದಿದ್ದವು, ಉಳಿದರ್ಧ ಮುಂದಿನ ಗೂಡ್ಸಿಗಂತೆ. ಕೊಟ್ಟಿಗೆಯಲ್ಲಿ ಯಾರೂ ಇಲ್ಲದ್ದು ಕಂಡು, ಊರವರು ತೋರಿಸಿದ ಕಡೆ ಓಡಿ ಬಂದವನು "ಹೆಂಚು ಬಂತು ಕಣೇ" ಎನ್ನುತ್ತಲೇ ಹೊಸ್ತಿಲು ದಾಟಿದ.

ದಾಟಿದವನು ಅಲ್ಲೇ ನಿಂತ. ಮಗಳನ್ನು ನೋಡಿದ, ತೊಟ್ಟಿಲು ನೋಡಿದ. ತೊಟ್ಟಿಲ ಸರಪಳಿಯ ಜೊತೆ ಅವನ ಕಣ್ಣು ಮೇಲೆ ಮೇಲೆ ಹೋಗಿ ಬಳೆಗಳ ಹತ್ತಿರ ನಿಂತಿತು. ಕೈ ತಾನಾಗಿಯೇ ಪಕ್ಕದ ಕಂಬವನ್ನು ಹುಡುಕಿಕೊಂಡಿತು. ಅವನ ಅಪ್ಪ, ಅಜ್ಜ ಎಲ್ಲರೂ ಒರಗಿ ಕೂತು ನುಣುಪಾದ ಕಂಬ ಅದು. ದಾಕ್ಷಾಯಣಮ್ಮ ಹೊಟ್ಟೆಯಲ್ಲಿಟ್ಟುಕೊಂಡು ಕಾದಿದ್ದ ಬೈಗುಳ ಅವನ ಮುಖ ನೋಡಿ ಅರ್ಧಕ್ಕರ್ಧ ಇಳಿದುಹೋಯಿತು.

"ಈ ತೊಲೆ… ಆವಾಗ ಒಸಿ ಅಗ್ಗಕ್ಕೇ ಹೋಯ್ತು ಅನ್ಸತೈತೆ" ಎಂದ.

ಇಳಿದದ್ದು ಮತ್ತೆ ಏರಿತು. "ಬರ್ರಿ, ಮೊಮ್ಮಗಳನ್ನ ತೂಗ್ರಿ" ಎಂದು ಹಲ್ಲು ಕಚ್ಚಿ ಹಗ್ಗ ಕೈಗೆ ಕೊಟ್ಟಳು.

ಮುರುಗೇಶಪ್ಪ ತೂಗಿದ. ಕಿರ್ರೋ, ಕಿರ್ರೋ ಎಂದಿತು ಬಳೆ. ಅದೇ ಸದ್ದು, ಒಂದಿಷ್ಟೂ ಬದಲಾಗಿರಲಿಲ್ಲ. ಅನ್ನಪೂರ್ಣ ನಕ್ಕಳು. ಕೂಸು ಕಣ್ಣು ಮುಚ್ಚಿಕೊಂಡು ನಿದ್ದೆ ಹೋಯಿತು. ಮುರುಗೇಶಪ್ಪ ಬಳೆ ನೋಡುತ್ತ, "ನಾಳೆ ಒಂದು ಹನಿ ಎಣ್ಣೆ ಬಿಡ್ಬೇಕು" ಎಂದ.

"ನಾಳೆ ಅಲ್ಲ, ಈಗ!" ದಾಕ್ಷಾಯಣಮ್ಮನ ದನಿಗೆ ಕೊಟ್ರಮ್ಮನೂ ನೆಟ್ಟಗೆ ಕೂತಳು. "ಓಬಕ್ಕ, ಏಣಿ ತಗಂಡ್ಬಾ." ಬಾಣಂತಿಯ ಹರಳೆಣ್ಣೆ ಬಟ್ಟಲನ್ನು ತೆಗೆದು ಗಂಡನ ಕೈಗಿಟ್ಟಳು. ಮುರುಗೇಶಪ್ಪ ಏಣಿ ಹತ್ತಿ ಎರಡೂ ಬಳೆಗೆ ಎಣ್ಣೆ ಬಿಟ್ಟ. ಹೇಳಿದ ದಿನವೇ ಅವನು ಮಾಡಿದ ಕೆಲಸ, ಅವಳು ಬಲ್ಲಂತೆ, ಅದೊಂದೇ. ದಾಕ್ಷಾಯಣಮ್ಮ ತೊಟ್ಟಿಲು ತೂಗಿದಳು. ಸದ್ದೇ ಇಲ್ಲ. ಬೆಣ್ಣೆಯಂತೆ ಆಡಿತು.

ಸದ್ದು ನಿಂತದ್ದೇ ತಡ, ಕೂಸು ಕಣ್ಣು ಬಿಟ್ಟಿತು. ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮಾಳಿಗೆಯ ಮಣ್ಣು ಉದುರುವ ಹಾಗೆ ಕಿರುಚಿಕೊಂಡಿತು. ಎಷ್ಟು ತೂಗಿದರೂ ನಿಲ್ಲಲಿಲ್ಲ. ಎಲ್ಲರೂ ತಲೆಯೆತ್ತಿ ಏಣಿಯ ಮೇಲಿದ್ದವನನ್ನು ನೋಡಿದರು.

ಮುರುಗೇಶಪ್ಪ ಎಣ್ಣೆ ಬಟ್ಟಲು ಹಿಡಿದುಕೊಂಡು ಮೇಲಿನಿಂದಲೇ ಹೇಳಿದ. "ನೋಡ್ದ್ಯಾ? ಅದ್ಕೇ ನಾನು ಯಾವುದ್ಕೂ ಅವಸರ ಮಾಡಲ್ಲ."

ದಾಕ್ಷಾಯಣಮ್ಮ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಓಬಕ್ಕನ ಕಡೆ ತಿರುಗಿದಳು.

"ಓಬಕ್ಕ, ಏಣಿ ತೆಗ್ದ್ಬಿಡು. ಹೆಂಚು ಹೊದಿಸೋ ತನಕ ಆ ತೊಲೆ ಹಿಡ್ಕಂಡು ಅಲ್ಲೇ ಜೋತಾಡ್ಲಿ."